ದೊಡ್ಡಮ್ಮನ ಟಿ.ವಿ.ಯಲ್ಲಿ ಪೋಪ್ ಗುರುಗಳು

ನಮ್ಮ ಸೀಮೆಯಲ್ಲಿ ರಿಮೋಟಿಗೆ ಅಂಗಿ ತೊಡಿಸುವ ಪದ್ಧತಿ ಇದೆ. ನಿಮ್ಮ ಮನೆಯಲ್ಲೂ ಇದ್ದೀತು, ನಾಚಿಕೊಳ್ಳಬೇಡಿ. ಹೊಸ ಟಿ.ವಿ. ಮನೆಗೆ ಬಂದ ದಿನವೇ ಅದರ ರಿಮೋಟನ್ನು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಎರಡು ತುದಿಗೂ ರಬ್ಬರ್ ಬ್ಯಾಂಡ್ ಬಿಗಿದುಬಿಡುತ್ತಾರೆ. ಆಮೇಲೆ ಆ ಕವರು ಎಣ್ಣೆ ಕೈ, ಸಾರಿನ ಕೈಗಳಿಗೆಲ್ಲ ಸಿಕ್ಕಿ ಹಳದಿಗಟ್ಟಿ, ಒಳಗಿನ ಅಂಕಿ ಒಂದೂ ಕಾಣದಂತಾದರೂ ಬಿಚ್ಚುವ ಮಾತಿಲ್ಲ. ನಾನು ಅಜ್ಜಂಪುರದ ಪೇಟೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡವನು. "ರಿಮೋಟು ಕೆಟ್ಟೋಗೈತೆ ಕಣಣ್ಣ" ಎಂದು ತಂದು ಕೊಡುವವರ ರಿಮೋಟಿನ ಅಂಗಿ ಬಿಚ್ಚುವುದೇ ನನ್ನ ಅರ್ಧ ಕೆಲಸ. ಬಿಚ್ಚಿ ನೋಡಿದರೆ ಸೆಲ್ಲು ಮುಗಿದಿರುತ್ತದೆ, ಅಷ್ಟೆ.

ಮೊನ್ನೆ ಅಂಗಡಿಯ ಡ್ರಾಯರು ಚೊಕ್ಕಟ ಮಾಡುವಾಗ ಅಂಥದೊಂದು ರಿಮೋಟು ಕೈಗೆ ಸಿಕ್ಕಿತು. ಇದರ ಅಂಗಿ ಪ್ಲಾಸ್ಟಿಕ್ಕಿನದಲ್ಲ, ಹಳೇ ರವಿಕೆಯ ತುಂಡಿನಲ್ಲಿ ಕೈಹೊಲಿಗೆ ಹಾಕಿ ಹೊಲಿದದ್ದು. ಗುಂಡಿ ಒತ್ತುವ ಕಡೆ ಮಾತ್ರ ಒಂದು ಕಿಂಡಿ, ಅದರ ಸುತ್ತ ಕಾಜಾ ಹೊಲಿಗೆ. ನಮ್ಮ ದೊಡ್ಡಮ್ಮನದು. ದೊಡ್ಡಮ್ಮ ಈಗ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಕೂತವನಿಗೆ ಎದುರಿಗೆ ನಿಂತ ಗಿರಾಕಿ ಕೂಗಿದ್ದೂ ಕೇಳಿಸಲಿಲ್ಲ. ಆತ ಬೈದುಕೊಂಡು ಹೋದನಂತೆ, ಪಕ್ಕದ ಅಂಗಡಿಯವರು ಹೇಳಿದರು.

ಹೋಗಲಿ ಬಿಡಿ, ನನಗೆ ಬೈಗುಳ ಹೊಸದಲ್ಲ. ನಮ್ಮ ಮನೆಯ ಟಿ.ವಿ. ಎಷ್ಟೋ ತಿಂಗಳಿಂದ ಮೂಕವಾಗಿದೆ. ಚಿತ್ರ ಬರುತ್ತದೆ, ಮಾತಿಲ್ಲ. "ಊರೋರ ಟಿ.ವಿ.ಗೆಲ್ಲಾ ಬಾಯಿ ಬರಿಸ್ತೀರಾ, ನಮ್ಮನೇದು ಮಾತ್ರ ಹಿಂಗೇ ಇರ್ಲಿ ಅಂತೀರಾ" ಎಂದು ನನ್ನ ಹೆಂಡತಿ ದಿನಾ ಅನ್ನುತ್ತಾಳೆ. "ಅದರ ಪಾಲಿನದೂ ಸೇರಿಸಿ ನೀನೇ ಆಡ್ತಿದ್ದೀಯಲ್ಲೇ" ಎಂದು ನಾನು ಒಂದೇ ಸಲ ಅಂದೆ, ಆ ದಿನ ಊಟ ತಡವಾಯಿತು. ನಿಜ ಹೇಳಬೇಕೆಂದರೆ ಜೀವಮಾನವೆಲ್ಲ ನಾನು ಟಿ.ವಿ.ಯ ಬೆನ್ನು ನೋಡಿದ್ದೇ ಹೆಚ್ಚು. ಹಿಂದೆ ಕೂತು ಕೈಯಾಡಿಸುವವನಿಗೆ ಮುಂದಿನ ಚಿತ್ರ ಕಾಣುವುದಿಲ್ಲ, ಚಿತ್ರ ನೋಡುವವರ ಮುಖ ಕಾಣುತ್ತದೆ. ಒಂದು ಮುಖ ಅರಳಿದರೆ ಅಲ್ಲಿ ಮದುವೆ ನಡೆಯುತ್ತಿದೆ, ಹಲ್ಲು ಕಚ್ಚಿದರೆ ಅತ್ತೆ ಬಂದಳು ಎಂದು ತಿಳಿದುಕೊಳ್ಳುವಷ್ಟು ಪಳಗಿದ್ದೇನೆ.

ನಾವು ಹುಡುಗರಾಗಿದ್ದಾಗ ಬೀದಿಗೆಲ್ಲ ಒಂದೇ ಟಿ.ವಿ. ಇತ್ತು, ಬಸ್ ಡ್ರೈವರ್ ಕಲ್ಲೇಶಣ್ಣನ ಮನೆಯಲ್ಲಿ. ಭಾನುವಾರ ದೇವರ ಧಾರಾವಾಹಿ ಬರುವ ಹೊತ್ತಿಗೆ ಹೆಂಗಸರು ತಲೆಗೆ ನೀರು ಹುಯ್ದುಕೊಂಡು, ಒದ್ದೆ ಕೂದಲಿಗೆ ಟವೆಲು ಸುತ್ತಿ ಬಂದು ಕೂರುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಚಾಚಿ ಕೂರಬಾರದು. ಒಂದು ದಿನ ಕರೆಂಟು ಹೋದಾಗ ಒಬ್ಬ ಅಜ್ಜಿ ಟಿ.ವಿ.ಯ ದೇವರಿಗೆಂದು ಒಡೆದ ತೆಂಗಿನಕಾಯಿಯನ್ನು ಹಿಡಿದುಕೊಂಡೇ ಕರೆಂಟು ಬರುವ ತನಕ ಕೂತಿದ್ದಳು. ಅದೆಲ್ಲ ಹಳೇ ಕಾಲ ಅಂದುಕೊಳ್ಳಬೇಡಿ. ಈಚೆಗೆ ಅಂತರಘಟ್ಟೆ ಕಡೆ ಒಂದು ಮನೆಗೆ ರಿಪೇರಿಗೆ ಹೋದಾಗ ಮುದುಕಿಯೊಬ್ಬಳು ನನ್ನ ಕಿವಿ ಹತ್ತಿರ ಬಗ್ಗಿ, "ಹೆಂಗೂ ಬಿಚ್ಚಿದ್ದೀಯ, ಆ ಕೆಂಪು ಸೀರೆಯೋಳ್ನ ತೆಗೆದಾಕ್ಬಿಡಪ್ಪ, ಸೊಸೆಗೆ ಸ್ಯಾನೆ ಕಾಟ ಕೊಡ್ತಾವ್ಳೆ" ಎಂದಳು. ಆಗಲಿ ಅಜ್ಜಿ ಎಂದು ಒಪ್ಪಿಕೊಂಡು ಬಂದೆ.

ನಮ್ಮ ದೊಡ್ಡಮ್ಮ ಗೌರಮ್ಮ ನನ್ನ ತಾಯಿಯ ಅಕ್ಕ. ನಮ್ಮ ಬೀದಿಯಲ್ಲೇ, ಮಗಳು ಜಯಾಳ ಜೊತೆಗಿದ್ದಳು. ಜಯಾಳ ಗಂಡ ಈರುಳ್ಳಿ ವ್ಯಾಪಾರದವನು; ಈರುಳ್ಳಿ ಕೀಳುವ ಕಾಲದಲ್ಲಿ ಮನೆಯವರ ಕೈಗೆ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡಮ್ಮ ಫೋನು ಮಾಡಿದಳು.

"ಲೇ ಸೀನ, ಟಿ.ವಿ. ಕೆಟ್ಟೋಗೈತೆ ಬಾರೋ. ಬಾಯಿ ಒಂದ್ಕಡೆ, ಮಾತು ಒಂದ್ಕಡೆ ಆಗೈತೆ."

ಹೋಗಿ ನೋಡಿದೆ. ಕೆಟ್ಟಿರಲಿಲ್ಲ. ಯಾವುದೋ ಚಾನೆಲ್ಲಿನವರು ಯಾವುದೋ ದೇಶದ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡಿ ಹಾಕುತ್ತಿದ್ದರು. ಒಬ್ಬ ಪೋಪರ ಜೀವನದ ಕಥೆ. ಬೆಟ್ಟದ ಊರಿನಲ್ಲಿ ರೊಟ್ಟಿ ಸುಟ್ಟು ಮಾರುವವನ ಮಗ ಚಿಕ್ಕಂದಿನಲ್ಲೇ ಮನೆ ಬಿಟ್ಟು ಓದಲು ಹೋಗಿ, ಪಾದ್ರಿಯಾಗಿ, ಬಿಷಪ್ಪಾಗಿ, ಕೊನೆಗೆ ಪೋಪ್ ಆಗುತ್ತಾನೆ. ನಿಜವಾಗಿ ಇದ್ದವರ ಕಥೆಯೋ, ಬರೆದವರು ಕಟ್ಟಿದ್ದೋ ನನಗೆ ಗೊತ್ತಿಲ್ಲ. ಹೆಸರಂತೂ ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ. ದೊಡ್ಡಮ್ಮ ಆಗಲೇ ಅವರನ್ನು "ಗುರುಗಳು" ಮಾಡಿಕೊಂಡಿದ್ದಳು.

"ಕೆಟ್ಟಿಲ್ಲ ದೊಡ್ಡಮ್ಮ. ಅವ್ರು ಅವ್ರ ಭಾಷೇಲಿ ಮಾತಾಡವ್ರೆ, ಅದರ ಮ್ಯಾಲೆ ನಮ್ಮೋರು ಕನ್ನಡ ಕೂರಿಸವ್ರೆ" ಎಂದೆ.

"ಅಂದ್ರೆ ಅವ್ರ ಮಾತ ಬ್ಯಾರೆಯೋರು ಆಡ್ತಾವ್ರೆ?"

"ಹೂಂ."

"ಪಾಪ. ಗುರುಗಳಾದ್ಮೇಲೆ ತಮ್ಮ ಮಾತ ತಾವು ಆಡಂಗಿಲ್ಲ ಅನ್ನು" ಎಂದು ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಮತ್ತೆ ನೋಡುತ್ತಾ ಕೂತಳು. ನನಗೂ ಆ ಹೊತ್ತಿನಲ್ಲಿ ಅಂಗಡಿಯಲ್ಲಿ ನೊಣ ಓಡಿಸುವ ಕೆಲಸ ಬಿಟ್ಟರೆ ಬೇರೆ ಇರಲಿಲ್ಲ. ಜಯ ಕಾಫಿ ಕೊಟ್ಟಳು, ಕೂತೆ. ಮಾರನೇ ದಿನವೂ ಹೋದೆ. ಕಲ್ಲೇಶಣ್ಣನೂ ಬಂದು ಸೇರಿಕೊಂಡ. ಕಡೂರು, ತರೀಕೆರೆ, ಅಜ್ಜಂಪುರ ಎಂದು ಬಸ್ಸು ಓಡಿಸಿ ರಿಟೈರಾದವನು. ಎಲ್ಲಿ ಕೂತರೂ ಡ್ರೈವರ್ ಸೀಟಿನಲ್ಲಿ ಕೂತಂತೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ.

"ಅಲ್ಲ ಗೌರಕ್ಕ, ನಮ್ ದೇವ್ರುಗಳ ಸೀರಿಯಲ್ ಬೇಕಾದಷ್ಟು ಬತ್ತಾವೆ. ಇದ್ಯಾವುದೋ ಬ್ಯಾರೆ ಮತದೋರ್ದು ಯಾಕ್ ನೋಡ್ತೀಯ?" ಎಂದು ಆತ ಮೊದಲ ದಿನ ಕೇಳಿದ.

"ನೀನು ಬಸ್ಸಿಗೆ ಮತ ಕೇಳಿ ಹತ್ತಿಸ್ಕಂತಿದ್ಯೇನೋ? ಕೂತ್ಕಂಡ್ ನೋಡು ಸುಮ್ಕೆ."

ಕಲ್ಲೇಶಣ್ಣ ಕೂತುಕೊಂಡ.

ದೊಡ್ಡಮ್ಮ ಅಲ್ಲಿ ಕಂಡದ್ದನ್ನೆಲ್ಲ ನಮ್ಮ ಮಠದ ಅಳತೆಗೋಲಿನಲ್ಲೇ ಅಳೆಯುತ್ತಿದ್ದಳು. ಬಿಷಪ್ಪರ ಉಂಗುರಕ್ಕೆ ಒಬ್ಬೊಬ್ಬರೇ ಬಂದು ಮುತ್ತಿಡುವುದನ್ನು ನೋಡಿ, "ಥೂ, ಒಬ್ಬರ ಎಂಜಲಿನ ಮ್ಯಾಲೆ ಇನ್ನೊಬ್ರು! ನೀರಾದ್ರೂ ಹಾಕ್ಬಾರ್ದಾ" ಎಂದಳು. ಹಿಂದಿನ ಪೋಪರು ತೀರಿಕೊಂಡು ಹೊಸಬರನ್ನು ಆರಿಸುವ ಭಾಗ ಬಂತು. ಕೆಂಪು ಬಟ್ಟೆಯ ಹಿರಿಯರೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ಹೊರಗೆ ಜನ ಜಾತ್ರೆ, ಎಲ್ಲರ ಕಣ್ಣೂ ಸೂರಿನ ಮೇಲಿನ ಹೊಗೆಗೂಡಿನ ಕಡೆ. ಕಪ್ಪು ಹೊಗೆ ಬಂತು. "ಸೀಮೆಎಣ್ಣೆ ಸುರಿದವ್ರೆ" ಎಂದಳು ದೊಡ್ಡಮ್ಮ. ಮಠ ಅಂದಮೇಲೆ ಅಷ್ಟು ಜನಕ್ಕೆ ಅಡುಗೆಯಾಗಬೇಕಲ್ಲ, ಅದರ ಹೊಗೆ ಎಂದೇ ಅವಳ ಲೆಕ್ಕ. ಆಮೇಲೆ ಬಿಳೀ ಹೊಗೆ ಬಂತು, ಜನ ಕುಣಿದಾಡಿದರು. ದೊಡ್ಡಮ್ಮ ಮಾತ್ರ ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವನೇ, ಈಗ ಹಸಿ ಸೌದೆ ಇಕ್ಕವ್ರೆ. ಇನ್ನೆಲ್ಲಿ ಬೆಂದೀತು ಅನ್ನ! ಇವ್ರು ನೋಡಿದ್ರೆ ಕುಣೀತಾವ್ರೆ."

ಕಲ್ಲೇಶಣ್ಣ ನಕ್ಕು ನಕ್ಕು ಕೆಮ್ಮಿದ. "ಅನ್ನದ ಹೊಗೆ ಅಲ್ಲ ಕಣಕ್ಕ, ಓಟಿನ ಚೀಟಿ ಸುಡೋ ಹೊಗೆ. ನಮ್ಮ ರೊಟ್ಟಿಯೋನ್ ಮಗ ಗೆದ್ದ" ಎಂದು ಬಿಡಿಸಿ ಹೇಳಿದ. ನಾನೂ ನಕ್ಕೆ, ಜಯ ಒಳಗಿಂದಲೇ ನಕ್ಕಳು. ಅಷ್ಟರಲ್ಲಿ ಎತ್ತರದ ಬಾಲ್ಕನಿಗೆ ಬಂದ ಒಬ್ಬರು ಹೊಸ ಪೋಪರ ಹೆಸರು ಕೂಗಿದರು. ಅದು ನಾವು ಇಷ್ಟು ದಿನ ಕೇಳಿದ ಹೆಸರಾಗಿರಲಿಲ್ಲ.

"ಹೆಸರು ಬದಲಾಯಿಸಿದ್ರಾ?" ಎಂದಳು ದೊಡ್ಡಮ್ಮ.

"ಹೂಂ ದೊಡ್ಡಮ್ಮ. ಪೋಪ್ ಆದ್ಮೇಲೆ ಹೊಸ ಹೆಸರು ಇಟ್ಕಂತಾರಂತೆ."

"ಅಲ್ಲೂವೆ?" ಎಂದಳು. ಆಮೇಲೆ, "ಅವರವ್ವ ಇನ್ನೂ ಬದುಕವ್ಳಲ್ಲ, ಅವಳು ಇನ್ಮೇಲೆ ಏನಂತ ಕೂಗ್ತಾಳೆ?" ಎಂದು ಕೇಳಿದಳು. ನಾನೂ ಕಲ್ಲೇಶಣ್ಣನೂ ಮುಖ ಮುಖ ನೋಡಿಕೊಂಡೆವು. ಜಯ ಒಳಗಿಂದ ಬಂದು ಕಾಫಿ ಲೋಟಗಳನ್ನು ಎತ್ತಿಕೊಂಡು ಹೋದಳು.

ನಮಗೆ ಯಾಕೆ ಮಾತು ನಿಂತಿತು ಎಂದು ಹೇಳಬೇಕಾದರೆ ಲೋಕೇಶನ ವಿಷಯ ಹೇಳಬೇಕು.

ಲೋಕೇಶ ದೊಡ್ಡಮ್ಮನ ಮಗ, ಜಯಾಳ ಅಣ್ಣ, ನನ್ನ ಓರಗೆಯವನು. ಹುಟ್ಟಿದಾಗ ಲೋಕೇಶ ಎಂದು ಹೆಸರಿಟ್ಟು ಎಲ್ಲರೂ ಲೋಕ ಎಂದು ಕರೆದೆವು. ನನಗಿಂತ ಜೋರು ಓಡುತ್ತಿದ್ದ, ನನಗಿಂತ ಜೋರು ಸುಳ್ಳು ಹೇಳುತ್ತಿದ್ದ. ಶಾಲೆಯಿಂದ ಟ್ರಾಕ್ಟರಿನಲ್ಲಿ ಅಮೃತಾಪುರದ ದೇವಸ್ಥಾನಕ್ಕೆ ಹೋದಾಗ ಬುತ್ತಿಗೆ ದೊಡ್ಡಮ್ಮ ಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ದಾರಿಯಲ್ಲೇ ತಿಂದು ಮುಗಿಸಿ, ಅಲ್ಲಿ ಇಳಿದ ಮೇಲೆ "ನಾಯಿ ಕಿತ್ಕೊಂಡೋಯ್ತು ಸಾರ್" ಎಂದು ಅತ್ತು ಮೇಷ್ಟ್ರ ಬುತ್ತಿಯಲ್ಲೂ ಪಾಲು ತಿಂದವನು ಅವನು. ಅಂಥ ಗಂಡಾಗುಂಡಿಯವನು ರಾತ್ರಿಯಾದರೆ ತಾಯಿಯ ಸೆರಗಿನ ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಂಡೇ ಮಲಗಬೇಕು. ನಾವು ಅದಕ್ಕೆ ಎಷ್ಟು ಆಡಿಕೊಂಡರೂ ಬಿಡುತ್ತಿರಲಿಲ್ಲ.

ಕಡೂರಿನಿಂದಾಚೆ ನಮ್ಮ ಜನರ ಒಂದು ಸಣ್ಣ ಮಠ ಇದೆ. ಅಲ್ಲಿನ ಹಿರಿಯ ಗುರುಗಳು ಒಂದು ಸಲ ಪಾದಪೂಜೆಗೆ ದೊಡ್ಡಮ್ಮನ ಮನೆಗೆ ಬಂದಿದ್ದರು. ಅವರು ಹೇಳಿದ ಮಂತ್ರವನ್ನು ಲೋಕ ಒಂದೇ ಸಲ ಕೇಳಿ ತಿರುಗಿ ಒಪ್ಪಿಸಿಬಿಟ್ಟ. ಗುರುಗಳು ಅವನ ತಲೆ ಮೇಲೆ ಕೈಯಿಟ್ಟು, "ಈ ಮಗೂನ ಮಠಕ್ಕೆ ಕೊಡಿ" ಎಂದರು. ದೊಡ್ಡಪ್ಪನಿಗೆ ನೆಲ ಕಾಲಿಗೆ ಸಿಗದಷ್ಟು ಸಂತೋಷ, ಊರಿಗೇ ಹೆಮ್ಮೆ. ಅಡುಗೆಮನೆಯಲ್ಲಿ ನಿಂತಿದ್ದ ದೊಡ್ಡಮ್ಮ ನಮ್ಮ ಅವ್ವನ ಹತ್ತಿರ, "ಹುಣ್ಣಿಮೆಗೊಂದ್ಸಲನಾದ್ರೂ ಮನೆಗೆ ಕಳಿಸ್ತಾರೇನೇ?" ಎಂದು ಕೇಳಿದಳಂತೆ. ನಮ್ಮವ್ವ ಸಾಯುವ ತನಕ ಆ ಮಾತು ನೆನೆಸಿಕೊಂಡು ಅಳುತ್ತಿದ್ದಳು.

ಮಠಕ್ಕೆ ಬಿಡುವ ದಿನ ತಾಯಿಯೇ ಮಗನನ್ನು ಎತ್ತಿ ಗುರುಗಳ ಮಡಿಲಿಗೆ ಹಾಕಬೇಕು. ಲೋಕ ಎತ್ತುವ ವಯಸ್ಸು ದಾಟಿದ್ದ, ಕಾಲು ನೆಲಕ್ಕೆ ಎಳೆಯುತ್ತಿತ್ತು. ಹಾಗೇ ಅಪ್ಪಿ ಎತ್ತಿ ಹಾಕಿದಳು. "ಇನ್ನು ಇದು ನನ್ನ ಮಗ ಅಲ್ಲ, ಮಠದ ಮಗ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಹೇಳಿದಳು. ಅಲ್ಲಿಂದಾಚೆಗೆ ಅವನಿಗೆ ಹೊಸ ಹೆಸರು ಬಂತು. ನಾವು ಯಾರಾದರೂ ಬಾಯಿತಪ್ಪಿ ಲೋಕ ಎಂದರೆ ದೊಡ್ಡಪ್ಪ ಕಣ್ಣು ಬಿಡುತ್ತಿದ್ದ. ಆಮೇಲೆ ನಮಗೂ ರೂಢಿಯಾಯಿತು.

ಎಷ್ಟೋ ವರ್ಷದ ಮೇಲೆ ಹಿರಿಯ ಗುರುಗಳ ಜಾಗಕ್ಕೆ ಅವನೇ ಬಂದ. ಪಟ್ಟವಾದ ಮೇಲೆ ಪಾದಪೂಜೆಗೆ ನಮ್ಮ ಬೀದಿಗೂ ಬಂದ. ನಾನು ಅವನ ಕಾಲಿಗೆ ಅಡ್ಡ ಬಿದ್ದೆ. ಅವನ ಚಡ್ಡಿಯನ್ನು ಬಾವಿಗೆ ಎಸೆದವನು ನಾನು, ಈಗ ಹೊಟ್ಟೆಯಡಿ ನೆಲ ತಣ್ಣಗೆ ತಾಕುತ್ತಿತ್ತು. "ಏನ್ರೀ, ಟಿ.ವಿ. ಅಂಗಡಿ ಹೇಗೆ ನಡೀತಿದೆ?" ಎಂದ, ಕಣ್ಣಿನಲ್ಲಿ ಮಾತ್ರ ಹಳೇ ಲೋಕ ಇದ್ದ. ದೊಡ್ಡಮ್ಮನ ಮನೆಯಲ್ಲಿ ಬಿಳೀ ಬಟ್ಟೆ ಹಾಸಿದ ಕುರ್ಚಿಯಲ್ಲಿ ಕೂರಿಸಿದರು. ದೊಡ್ಡಮ್ಮ ಮಗನ ಪಾದ ತೊಳೆದಳು, ಆ ನೀರನ್ನು ಕಣ್ಣಿಗೊತ್ತಿ ಕುಡಿದಳು. ಬೆಳಗಿನಿಂದ ಒಲೆ ಮುಂದೆ ಕೂತು ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದಿಟ್ಟಿದ್ದಳು. ಗುರುಗಳು ಮಠದವರು ಮಾಡಿದ ಅಡುಗೆ ಬಿಟ್ಟು ಬೇರೆ ಸ್ವೀಕರಿಸುವುದಿಲ್ಲ, ಅದು ನೇಮ. ಅವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ತಟ್ಟೆಯನ್ನು ನೋಡಿದ, ನೋಡಿ ತಲೆ ತಗ್ಗಿಸಿದ. "ಎಲ್ಲರಿಗೂ ಹಂಚಿ ತಾಯಿ" ಎಂದು ಎದ್ದು ಹೊರಟ.

ಇನ್ನೂ ಬಾಳಬೇಕಾದ ವಯಸ್ಸಿನಲ್ಲಿ ಅವನ ಹೃದಯ ನಿಂತುಹೋಯಿತು. ಅಷ್ಟು ಹೊತ್ತಿಗೆ ದೊಡ್ಡಪ್ಪ ಹೋಗಿಯಾಗಿತ್ತು. ನಾನು, ಜಯ, ದೊಡ್ಡಮ್ಮ ಮಠಕ್ಕೆ ಹೋದೆವು. ಮಠದವರು ಮರ್ಯಾದೆಯಿಂದಲೇ ಕಂಡರು, ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಕೂರಿಸಿದ ಭಂಗಿಯಲ್ಲಿ, ಹೂವಿನ ಮಂಟಪದಲ್ಲಿ ಲೋಕ ಇದ್ದ. ವಾದ್ಯ, ಜಯಕಾರ. ಗುರುಗಳು ಸಾಯುವುದಿಲ್ಲ, ಐಕ್ಯವಾಗುತ್ತಾರೆ. ಅಳಬಾರದು ಎಂದು ಮೈಕಿನಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ನೀವು ಗುರುಗಳಿಗೆ ಏನಾಗ್ಬೇಕಮ್ಮ?" ಎಂದು ಕೇಳಿದಳು. "ನಾನು ಭಕ್ತೆ ಕಣವ್ವ" ಎಂದಳು ದೊಡ್ಡಮ್ಮ. ಎಲ್ಲ ಮುಗಿದ ಮೇಲೆ ಪ್ರಸಾದದ ಪಂಕ್ತಿ. ಎಲೆಗೆ ಪಾಯಸ ಬಿತ್ತು. ಪ್ರಸಾದ, ಬೇಡ ಅನ್ನುವಂತಿಲ್ಲ. ಮಗನನ್ನು ಮಣ್ಣಿಗಿಟ್ಟ ದಿನ ಪಾಯಸ ಉಂಡವಳು ನಮ್ಮ ದೊಡ್ಡಮ್ಮ.

ಊರಿಗೆ ಬಂದ ಮೇಲೆ ಹಿರಿಯರನ್ನು ಕೇಳಿದಳು, "ನಾನು ಸೂತಕದ ನೀರು ಹುಯ್ಕಬೇಕಾ?" ಎಂದು. "ಗುರುಗಳಿಗೆ ಮನೆ ಇಲ್ಲ, ಮನೆಗೆ ಸೂತಕ ಇಲ್ಲ ಕಣಮ್ಮ. ಎಂದಿನಂಗೆ ಇರು" ಎಂದರು. ಅವರು ಶಾಸ್ತ್ರ ಹೇಳಿದರು, ಅವರದೇನೂ ತಪ್ಪಿಲ್ಲ. ಆದರೆ ಸಾವಿನ ಮನೆಗೆ ಯಾರೂ ಬರದೆ, ಎಂದಿನಂತೆ ಒಲೆ ಹಚ್ಚಿ, ಎಂದಿನಂತೆ ಕೂತುಬಿಟ್ಟಳಲ್ಲ, ಅದು ನಮಗೆ ನೋಡಲಾಗುತ್ತಿರಲಿಲ್ಲ. ನಮ್ಮ ಕಡೆ ಹೆಂಗಸರು ಸಾವಿನ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರು ಏನು ತಿನ್ನುತ್ತಿದ್ದರು, ಯಾರಿಗೆ ಏನು ಕೊಟ್ಟಿದ್ದರು, ಯಾವ ಆಸೆ ಉಳಿಯಿತು, ಎಲ್ಲವನ್ನೂ ರಾಗವಾಗಿ ಎಳೆದು ಹೇಳುತ್ತಾರೆ. ಬೀದಿಯಲ್ಲಿ ಯಾರೇ ತೀರಿಕೊಳ್ಳಲಿ, ಮೊದಲ ದನಿ ದೊಡ್ಡಮ್ಮನದು. ಅವಳು ಬಂದು ಕೂತು ಶುರುಮಾಡಿದರೆ ಕಲ್ಲಿನಂಥ ಗಂಡಸರೂ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಅಂಥವಳು ಹೆತ್ತ ಮಗನಿಗೆ ಒಂದು ಮಾತು ಹೇಳಿ ಅಳಲಿಲ್ಲ. ಬೇರೆ ಸಾವಿನ ಮನೆಗೆ ಹೋಗುವುದನ್ನೂ ಬಿಟ್ಟಳು. ಕರೆಯಲು ಬಂದವರಿಗೆ "ದನಿ ಬಿದ್ದೋಗೈತೆ ಕಣ್ರವ್ವ" ಅನ್ನುತ್ತಿದ್ದಳು.

ಇಂಥವಳು ಟಿ.ವಿ. ಮುಂದೆ ಕೂತು "ಅವರವ್ವ ಏನಂತ ಕೂಗ್ತಾಳೆ" ಎಂದು ಕೇಳಿದರೆ ನಾವು ಏನು ಹೇಳಬೇಕು, ನೀವೇ ಹೇಳಿ.

ಮುಂದಿನ ವಾರ ಧಾರಾವಾಹಿಯಲ್ಲಿ ಪೋಪರ ತಾಯಿ ಮಗನನ್ನು ನೋಡಲು ಬಂದಳು. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಬಡಕಲು ಮುದುಕಿ, ದೊಡ್ಡ ದೊಡ್ಡವರ ಸಾಲಿನ ಕೊನೆಗೆ ನಿಂತಿದ್ದಳು. ಅವಳ ಸರದಿ ಬಂತು. ಎಲ್ಲರಂತೆ ಮಂಡಿಯೂರಿ ಉಂಗುರಕ್ಕೆ ಮುಖ ತಂದಳು. ಬಿಳೀ ನಿಲುವಂಗಿಯ ಮಗ ಪೀಠದಿಂದ ಎದ್ದು ಬಂದು, ಅವಳ ಎರಡೂ ತೋಳು ಹಿಡಿದು ಎತ್ತಿ, ಅವಳ ಹಣೆಗೆ ಹಣೆ ತಾಗಿಸಿ ನಿಂತ.

ದೊಡ್ಡಮ್ಮ ಚಾಪೆಯಿಂದ ಎದ್ದೇ ನಿಂತಳು.

"ಮುಟ್ಟಿದ್ನಲ್ಲೋ ಸೀನ! ನೋಡ್ದಾ? ಗುರುಗಳಾದ್ಮೇಲೂ ಮುಟ್ಟಿದ್ನಲ್ಲೋ!"

"ಹೂಂ ದೊಡ್ಡಮ್ಮ."

"ಇನ್ನೊಂದ್ಸಲ ಹಾಕೋ ಅದ್ನ."

"ಹಂಗೆಲ್ಲ ತಿರುಗಿ ಹಾಕಕ್ಕೆ ಬರಲ್ಲ ದೊಡ್ಡಮ್ಮ. ನಾಳೆ ಬೆಳಿಗ್ಗೆ ಅವ್ರೇ ಮತ್ತೆ ಹಾಕ್ತಾರೆ."

ಮಾರನೇ ಬೆಳಿಗ್ಗೆ ಸ್ನಾನ ಮಾಡಿ, ಹೂ ಮುಡಿಯದ ತಲೆಯನ್ನು ಚೊಕ್ಕವಾಗಿ ಬಾಚಿಕೊಂಡು ಕಾದು ಕೂತಿದ್ದಳೆಂದು ಜಯ ಹೇಳಿದಳು. ನೋಡಿ ಮುಗಿಸಿ, ಟಿ.ವಿ.ಯ ಗಾಜನ್ನು ಸೆರಗಿನಲ್ಲಿ ಒರೆಸಿದಳಂತೆ.

ಧಾರಾವಾಹಿ ಮುಗಿಯುವ ಕಾಲ ಬಂತು. ಪೋಪರಿಗೆ ಮುಪ್ಪಾಯಿತು, ಕಾಯಿಲೆಯಾಯಿತು. ಅವರ ತಾಯಿ ಯಾವಾಗಲೋ ಹೋಗಿದ್ದಳು. ಶುಕ್ರವಾರ ಕೊನೆಯ ಕಂತು, ಗುರುಗಳ ಮರಣ ಎಂದು ಚಾನೆಲ್ಲಿನವರು ಮತ್ತೆ ಮತ್ತೆ ತೋರಿಸುತ್ತಿದ್ದರು. ಗುರುವಾರ ಜಯ ಅಂಗಡಿಗೆ ಬಂದಳು.

"ಅಣ್ಣ, ಆ ಟಿ.ವಿ.ನ ಒಂದೆರಡು ದಿನ ಇಲ್ಲಿಗೆ ತಂದಿಟ್ಕಳ್ಳೋ. ರಿಪೇರಿ ಅಂತ ಹೇಳು. ಅಮ್ಮಂಗೆ ಊಟ ಸೇರ್ತಿಲ್ಲ ಮೂರೊತ್ತೂ. ನಾಳೆದು ನೋಡಿದ್ರೆ ಎದೆ ಒಡ್ಕಂಡ್ಬಿಡ್ತಾಳೆ. ನಂಗೆ ಇರೋಳು ಅವಳೊಬ್ಳು ಕಣೋ" ಎಂದು ಅತ್ತಳು.

ಒಪ್ಪಿದೆ. ಹೋಗಿ ಟಿ.ವಿ. ಬಿಚ್ಚಿಕೊಂಡು ಬಂದೆ, ರಿಮೋಟನ್ನೂ ತಂದು ಡ್ರಾಯರಿಗೆ ಹಾಕಿದೆ. ದೊಡ್ಡಮ್ಮ ಬಾಗಿಲ ತನಕ ಬಂದು ನೋಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಆ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ನಾನು ಪೆಚ್ಚಾಗಿ ಸ್ಟೂಲು ಎಳೆದು ಕೊಟ್ಟೆ. ಅಂಗಡಿಯ ಗೋಡೆಯಲ್ಲಿ ಗಿರಾಕಿಯ ಒಂದು ದೊಡ್ಡ ಟಿ.ವಿ. ಪರೀಕ್ಷೆಗೆಂದು ಓಡುತ್ತಿತ್ತು.

"ನಿನ್ನ ಅಂಗಡೀಲಿ ಒಂದಾದ್ರೂ ಓಡೋ ಟಿ.ವಿ. ಇರ್ತದೆ ಅಂತ ಬಂದೆ" ಎಂದಳು. "ಹಾಕು."

"ಬ್ಯಾಡ ದೊಡ್ಡಮ್ಮ."

"ಹಾಕೋ ಸೀನ. ನೋಡ್ಬೇಕು ನಾನು. ಹಾಕು."

ಹಾಕಿದೆ. ಅವಳು ಒಂಟಿಯಾಗಿ ಬಂದದ್ದನ್ನು ಕಂಡು ಹಿಂದೆಯೇ ಬಂದಿದ್ದ ಕಲ್ಲೇಶಣ್ಣ ಬಾಗಿಲಲ್ಲಿ ನಿಂತ. ಮಂಚದ ಮೇಲೆ ಮಲಗಿದ್ದ ಮುದುಕ ಪೋಪರು ಏನೋ ಹೇಳಲು ಬಾಯಿ ತೆರೆದರು. ಈ ಸಲ ಮಾತು ಬರಲೇ ಇಲ್ಲ. ಪಕ್ಕದಲ್ಲಿದ್ದವರು ಅವರ ಕಣ್ಣು ಮುಚ್ಚಿದರು, ದೊಡ್ಡ ಗಂಟೆ ಹೊಡೆಯತೊಡಗಿತು. ಅಲ್ಲಿದ್ದವರೆಲ್ಲ ಅಳುತ್ತಿದ್ದರು. ಕೆಂಪು ಬಟ್ಟೆಯ ಹಿರಿಯರೂ ಅಳುತ್ತಿದ್ದರು, ಯಾರೂ ಯಾರಿಗೂ ಅಳಬೇಡ ಅನ್ನಲಿಲ್ಲ.

ದೊಡ್ಡಮ್ಮ ಸ್ಟೂಲಿನಿಂದ ಇಳಿದು ನೆಲಕ್ಕೆ ಕೂತಳು. ಕಾಲು ಚಾಚಿ, ಎರಡು ಕೈಯಲ್ಲೂ ತೊಡೆ ಬಡಿದುಕೊಂಡು ದನಿ ತೆಗೆದಳು.

"ನನ್ನಪ್ಪಾ... ಲೋಕಾ... ಹಸ್ಕಂಡೋದ್ಯಲ್ಲೋ ನನ್ ಕಂದಾ, ತಟ್ಟೆ ಹಿಡ್ಕಂಡು ನಿಂತಿದ್ನಲ್ಲೋ ಬಾಗ್ಲಾಗೆ... ಕಾಲು ತೊಳ್ದೆನಲ್ಲೋ ನನ್ನಪ್ಪಾ, ನಿನ್ನ ತಲೆ ತೊಳ್ಯಂಗಿಲ್ಲ ಅಂದ್ರಲ್ಲೋ... ಊರೆಲ್ಲಾ ಗುರುಗಳೇ ಅಂತ ಕೂಗ್ತಲ್ಲೋ, ನಾನ್ ಏನಂತ ಕೂಗ್ಲೋ ಮಗನೇ... ಸೆರಗು ಹುಡುಕ್ದೇನೋ ಕಂದಾ, ರಾತ್ರಿ ಸೆರಗು ಹುಡುಕ್ದೇನೋ..."

ಬಿದ್ದುಹೋಗಿದೆ ಎಂದಿದ್ದ ದನಿ ಪೇಟೆಗೆಲ್ಲ ಕೇಳುವಂತೆ ಎದ್ದಿತ್ತು. ನಾನು ಟಿ.ವಿ. ಆರಿಸಿದೆ, ಅವಳಿಗೆ ಅದರ ಪರಿವೆ ಇರಲಿಲ್ಲ. ನನಗೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಜಯ ಓಡಿ ಬಂದವಳು ಬಾಗಿಲಲ್ಲೇ ನಿಂತು ನೋಡಿ, ಆಮೇಲೆ ತಾಯಿಯ ಕುತ್ತಿಗೆ ತಬ್ಬಿಕೊಂಡು "ಅಣ್ಣಾ" ಎಂದು ತಾನೂ ಕೂಗಿದಳು. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ನಿಂತರು. ಅಂಗಡಿಗಳಿಂದ ಜನ ಇಳಿದು ಬಂದರು. ಹೂ ಮಾರುವವಳು ಬುಟ್ಟಿ ಕೆಳಗಿಟ್ಟು ಕೇಳಿದಳು.

"ಯಾರ್ ಹೋದ್ರಪ್ಪ?"

ಕಲ್ಲೇಶಣ್ಣ "ಏನಿಲ್ಲ ಕಣವ್ವ, ಟಿ.ವಿ.ಲಿ..." ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ.

"ನಮ್ಮ ದೊಡ್ಡಮ್ಮನ ಮಗ" ಎಂದೆ. "ಲೋಕೇಶ ಅಂತ."

"ಅಯ್ಯೋ. ಯಾವಾಗ?"

"ಈಗ."

ಕಲ್ಲೇಶಣ್ಣ ಹೆಗಲ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಹೂವಿನವಳು ದೊಡ್ಡಮ್ಮನ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತಳು. ಇನ್ನೂ ಒಂದಿಬ್ಬರು ಹೆಂಗಸರು ಬಂದರು. ದೊಡ್ಡಮ್ಮ ಹೇಳುವುದನ್ನು ಯಾರೂ ತಡೆಯಲಿಲ್ಲ. ಟ್ರಾಕ್ಟರಿನಲ್ಲಿ ಅಮೃತಾಪುರಕ್ಕೆ ಹೋದದ್ದು, ನಾಯಿ ಬುತ್ತಿ ಕಿತ್ತುಕೊಂಡಿತೆಂದು ಸುಳ್ಳು ಹೇಳಿದ್ದು, ಮಡಿಲಿಗೆ ಹಾಕುವಾಗ ಕಾಲು ನೆಲಕ್ಕೆ ಎಳೆದದ್ದು, ಎಲ್ಲ ಬಂತು. ದನಿ ತಾನಾಗಿ ಕುಗ್ಗುವ ತನಕ ಹೇಳಿದಳು. ಆಮೇಲೆ ಹೆಂಗಸರೇ ಎಬ್ಬಿಸಿಕೊಂಡು ಮನೆಗೆ ಕರೆದುಕೊಂಡು ಹೋದರು. ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಉಟ್ಟ ಸೀರೆಯಲ್ಲೇ ತಲೆಗೆ ತಣ್ಣೀರು ಹುಯ್ದರು. ಮೊದಲ ಕೊಡ ಹುಯ್ದವಳು ಜಯ.

ಸಂಜೆ ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕಲ್ಲೇಶಣ್ಣನ ಮನೆಯಿಂದ ಪಾತ್ರೆ ಬಂತು, ಅನ್ನ ಮತ್ತು ಬೇಳೆ ಸಾರು. ನಮ್ಮಲ್ಲಿ ಸಾವಿನ ಮನೆಗೆ ಕಳಿಸುವ ಸಾರಿಗೆ ಒಗ್ಗರಣೆ ಹಾಕುವುದಿಲ್ಲ. ಜಯ ಬಡಿಸಿದಳು. ನಾನು ಗೋಡೆಗೊರಗಿ ಕೂತಿದ್ದೆ. ದೊಡ್ಡಮ್ಮ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿ ಜಯಾಳ ಮುಖ ನೋಡಿದಳು.

"ಒಗ್ಗರಣೆ ಹಾಕಿಲ್ಲ" ಎಂದಳು.

"ಹೂಂ ಕಣಮ್ಮ. ಹಾಕಿಲ್ಲ."

ದೊಡ್ಡಮ್ಮನ ಕಣ್ಣಿಂದ ನೀರು ಇಳಿದು ತಟ್ಟೆಗೆ ಬಿತ್ತು. "ಸರಿಯಾಗ್ ಮಾಡವ್ರೆ ಬಿಡು" ಎಂದು ಇನ್ನೊಂದು ತುತ್ತು ಕಲಸಿಕೊಂಡಳು.